ಚೀಲದೊಳಗೆ ಚೀಲ: ಪರ್ಲ್ ಭಾಷೆಯ ಒಂದು ಹಳೇ ಕತೆ

ಪರ್ಲ್ ಪ್ರೋಗ್ರಾಂ ನೋಡಿದವರು ಮೊದಲು ಮೂಗು ಮುರಿಯೋದು ಅದರ ಗುರುತುಗಳನ್ನ ಕಂಡು. ಡಾಲರ್, ಬಾಣ, ಬಗೆಬಗೆಯ ಬ್ರಾಕೆಟ್ಟು... ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇಡೋಕೆ ಇಷ್ಟೆಲ್ಲ ಯಾಕೆ? ಹಳಬರ ಕೆಲಸ ಕೆಡದಂತೆ ನೋಡಿಕೊಂಡಿದ್ದಕ್ಕೆ ತೆತ್ತ ಬೆಲೆ ಇದು ಅಂತ ನನಗನ್ನಿಸುತ್ತೆ.

ಲ್ಯಾರಿ ವಾಲ್ ಪರ್ಲ್‌ನ ಮೊದಲ ಆವೃತ್ತಿ ಹೊರತಂದಿದ್ದು ಡಿಸೆಂಬರ್ 1987ರಲ್ಲಿ. ಫೈಲು ಓದಿ, ಬೇಕಾದ್ದನ್ನ ಹೆಕ್ಕಿ, ವರದಿ ತಯಾರಿಸೋದು ಅದರ ಮುಖ್ಯ ಕೆಲಸ. ಅದಕ್ಕೆ ಸಾಲಾಗಿ ಜೋಡಿಸಿದ ಅರೇ, ಹೆಸರು ಹಿಡಿದು ಹುಡುಕುವ ಹ್ಯಾಶ್, ಇವೆರಡೇ ಸಾಕಿದ್ದವು. ಆದರೆ ಅರೇಯೊಳಗೆ ಎರಡು ಅರೇ ಹಾಕಿದರೆ ಎಲ್ಲ ಬೆರೆತು ಒಂದೇ ಪಟ್ಟಿ! ಅಕ್ಕಿ ಚೀಲ, ರಾಗಿ ಚೀಲ ಎರಡನ್ನೂ ದೊಡ್ಡ ಚೀಲದಲ್ಲಿಡು ಅಂದರೆ, ಕಟ್ಟು ಬಿಚ್ಚಿ ಸುರಿದ ಹಾಗೆ.

ಜನ ಸುಮ್ಮನಿರಲಿಲ್ಲ. ಆಕ್ ಭಾಷೆಯಿಂದ ಎರವಲು ತಂದ ಒಂದು ಉಪಾಯವಿತ್ತು: ಹ್ಯಾಶ್‌ನಲ್ಲಿ ಎರಡು ಕೀಲಿಗಳನ್ನ ಅಂಟಿಸಿ ಒಂದೇ ಉದ್ದದ ಕೀಲಿ ಮಾಡೋದು. ಒಂದು ಬೆಲೆ ಹುಡುಕೋಕೆ ಅಡ್ಡಿಯಿಲ್ಲ. ಒಂದು ಗುಂಪಿನದ್ದನ್ನೆಲ್ಲ ತೆಗೆದು ವಿಂಗಡಿಸಬೇಕಂದರೆ ಮಾತ್ರ ಪ್ರಾಣಸಂಕಟ.

ಅಕ್ಟೋಬರ್ 1994ರಲ್ಲಿ ಪರ್ಲ್ 5 ಬಂತು, ಜೊತೆಗೆ ರೆಫರೆನ್ಸ್ ಕೂಡ. ಚೀಲದೊಳಗೆ ಚೀಲ ಇಡಲಿಲ್ಲ, ಆ ಚೀಲ ಎಲ್ಲಿದೆ ಅನ್ನೋ ಚೀಟಿ ಇಟ್ಟರು! ಚೀಟಿ ಅಂದರೆ ಒಂದೇ ಬೆಲೆ, ಆದ್ದರಿಂದ ಅರೇಯಲ್ಲೂ ಹ್ಯಾಶ್‌ನಲ್ಲೂ ಒಂದು ಜಾಗದಲ್ಲಿ ಕೂರುತ್ತೆ. ಚೀಟಿ ತೋರಿಸುವ ಪಟ್ಟಿಯಲ್ಲಿ ಮತ್ತಷ್ಟು ಚೀಟಿ... ಹೀಗೆ ಎಷ್ಟು ಆಳಕ್ಕಾದರೂ ಇಳಿಯಬಹುದು. ಒಂದೇ ಚೀಟಿ ಎರಡು ಕಡೆ ಇದ್ದರೆ, ಇಲ್ಲಿ ಬದಲಿಸಿದ್ದು ಅಲ್ಲೂ ಬದಲಾಗುತ್ತೆ ಅನ್ನೋದು ನೆನಪಿರಲಿ.

ಪಟ್ಟಿಗಳು ಬೆರೆಯೋ ಹಳೇ ನಿಯಮವನ್ನ ಮಾತ್ರ ಮುಟ್ಟಲಿಲ್ಲ. ಮುಟ್ಟಿದ್ದರೆ ಅದನ್ನೇ ನಂಬಿ ಬರೆದ ಸ್ಕ್ರಿಪ್ಟುಗಳು ಕೆಡುತ್ತಿದ್ದವು. ಹಾಗಾಗಿ ಹಳೇ ಸ್ಕ್ರಿಪ್ಟುಗಳಲ್ಲಿ ಬಹುಪಾಲು ಓಡುತ್ತಲೇ ಇದ್ದವು, ಆದರೆ ಚೀಟಿ ಬಿಡಿಸಿ ಓದೋ ಗುರುತುಗಳು ಹೊಸಬರ ತಲೆಗೆ ಬಿದ್ದವು.

ಇನ್ನೊಂದು ದಾರಿಯನ್ನೂ ತುಳಿದು ನೋಡಿದ್ದಾರೆ. 2000ದಲ್ಲಿ ಘೋಷಿಸಿದ ಪರ್ಲ್ 6ರಲ್ಲಿ ಅರೇಯೊಳಗಿನ ಅರೇ ಬೆರೆಯದೆ ತನ್ನಷ್ಟಕ್ಕೆ ಇರುತ್ತೆ. ಚೆಂದವೇ. ಆದರೆ ಅದು ಬಿಡುಗಡೆಯಾಗಿದ್ದು ಡಿಸೆಂಬರ್ 2015ರಲ್ಲಿ, ಹಳೇ ಪ್ರೋಗ್ರಾಮುಗಳು ಅದರಲ್ಲಿ ನೇರವಾಗಿ ಓಡಲಿಲ್ಲ. 2019ರಲ್ಲಿ ರಾಕು ಅಂತ ಹೆಸರು ಬದಲಿಸಿಕೊಂಡು ಬೇರೆ ಭಾಷೆಯೇ ಆಯಿತು. ಅಷ್ಟರಲ್ಲಿ ಪರ್ಲ್ 5 ತಾನೇ, 2014ರ 5.20 ಆವೃತ್ತಿಯಲ್ಲಿ, ಚೀಟಿಯನ್ನ ಎಡದಿಂದ ಬಲಕ್ಕೆ ಸಲೀಸಾಗಿ ಬಿಡಿಸುವ ಬರವಣಿಗೆ ತಂದಿತ್ತು. ಅದೂ ಹಳೆಯದನ್ನ ಅಳಿಸದೆ.

ಇಪ್ಪತ್ತು ವರ್ಷ ತಡ, ನಿಜ. ಆದರೂ ಯಾರೋ ಬರೆದಿಟ್ಟು ಹೋದ ಸ್ಕ್ರಿಪ್ಟು ಬೆಳಗ್ಗೆ ಎದ್ದು ತನ್ನ ಪಾಡಿಗೆ ವರದಿ ಕೊಡುತ್ತಿದೆಯಲ್ಲ, ನನಗೆ ಅದೇ ದೊಡ್ಡದು. ನೀವೇನಂತೀರಿ?