ಹಡಪ

ಹಡಪ: ತಾಂಬೂಲದ್ರವ್ಯಗಳನ್ನಿಡುವ ಕಿರುಚೀಲ ಅಥವಾ ಕರಡಿಗೆ, ಕ್ಷೌರಿಕನು ಕತ್ತಿ ಕನ್ನಡಿಗಳನ್ನು ತುಂಬಿಕೊಂಡು ಹೋಗುವ ಚೀಲಕ್ಕೂ ಇದೇ ಹೆಸರು. ಕನ್ನಡದಲ್ಲಿ ‘ಅಡಪ’ ಎಂಬ ರೂಪವೂ ಉಂಟು. ತೆಲುಗಿನಲ್ಲಿ ‘ಅಡಪಮು’, ತಮಿಳಿನಲ್ಲಿ ‘ಅಡೈಪ್ಪಂ’.

ಕನ್ನಡದಲ್ಲಿ ಪದಾದಿಯ ಹಕಾರವು ಬಹುಮಟ್ಟಿಗೆ ಹಳಗನ್ನಡದ ಪಕಾರದ ವಿಕಾರವಾದುದರಿಂದ, ಪಾಲು ಹಾಲಾದಂತೆ ‘ಪಡಪ’ವೊಂದು ಹಡಪವಾಗಿರಬೇಕೆಂದು ಊಹಿಸುವುದು ಸುಲಭ, ಆದರೆ ಪದಾದಿಯ ಪಕಾರವನ್ನು ಬಿಡದೆ ಉಳಿಸಿಕೊಂಡಿರುವ ತಮಿಳು ತೆಲುಗುಗಳಲ್ಲಿ ಈ ಶಬ್ದದ ಸ್ವರಾದಿರೂಪವೇ ಪ್ರಸಿದ್ಧವಾಗಿರುವುದರಿಂದ, ಇಲ್ಲಿಯ ಹಕಾರವು ತರುವಾಯ ಬಂದು ಸೇರಿದುದೆಂದೇ ತಿಳಿಯಬೇಕಾಗುತ್ತದೆ. ಮೂಲವನ್ನು ಕುರಿತು ಎರಡು ಪಕ್ಷಗಳು ಸಾಧ್ಯ. ‘ಅಡಕೆ’ಯ ಮೊದಲ ಭಾಗವೇ ಇಲ್ಲಿಯೂ ಇದೆಯೆಂಬುದು ಒಂದು, ಒಳಗಿರಿಸಿ ಮುಚ್ಚುವುದೆಂಬರ್ಥದ, ‘ಅಡಕು’ ‘ಅಡಗು’ಗಳಲ್ಲಿ ಕಾಣುವ ಧಾತುವಿನದೆಂಬುದು ಇನ್ನೊಂದು. ಎಲೆಯಡಕೆಯ ಗಂಧವೂ ಇಲ್ಲದ ಕ್ಷೌರಿಕನ ಚೀಲಕ್ಕೆ ಈ ಹೆಸರು ಸಲ್ಲುವುದನ್ನು ನೋಡಿದರೆ ಎರಡನೆಯದೇ ಹೆಚ್ಚು ಯುಕ್ತವೆನಿಸುತ್ತದೆ.

ಶಾಸನಗಳನ್ನು ಓದುವವರಿಗೆ ತೊಡಕಾಗುವುದು ‘ಹಡಪವಳ’ ‘ಹಡವಳ’ ಎಂಬೆರಡು ಬಿರುದುಗಳ ಸಾದೃಶ್ಯ. ಮೊದಲನೆಯದು ಅರಸನ ಹಡಪವನ್ನು ಹಿಡಿಯುವವನ ಪದವಿ. ಎರಡನೆಯದು ‘ಪಡೆವಳ’ದಿಂದ ಬಂದು ದಂಡನಾಯಕನಿಗೆ ಸಲ್ಲುವ ಮಾತು. ವ್ಯುತ್ಪತ್ತಿ ಬೇರೆಯಾದರೂ ವ್ಯವಹಾರದಲ್ಲಿ ಇವುಗಳ ಅಂತರ ಯಾವಾಗಲೂ ದೊಡ್ಡದಾಗಿರಲಿಲ್ಲವೆಂಬುದು ಸ್ವಾರಸ್ಯ. ವಿಷಪ್ರಯೋಗದ ಭಯ ನಿತ್ಯವಿದ್ದ ಅರಮನೆಯಲ್ಲಿ ವೀಳ್ಯ ಮಡಿಸಿ ಕೊಡುವವನು ಪರಮಾಪ್ತನೇ ಆಗಿರಬೇಕಷ್ಟೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ತಾಂಬೂಲವನ್ನು ರಾಜಭೋಗಗಳಲ್ಲೊಂದಾಗಿ ಎಣಿಸಿದ್ದಾನೆ. ವಿಜಯನಗರದಲ್ಲಿ ಈ ಸೇವಕನ ಏಳಿಗೆ ಪರಾಕಾಷ್ಠೆಯನ್ನು ಮುಟ್ಟಿತು: ಪೋರ್ಚುಗೀಸ್ ಲೇಖಕ ನೂನಿಜ್ ಕೃಷ್ಣದೇವರಾಯನ ರಾಯಚೂರು ದಂಡಯಾತ್ರೆಯನ್ನು ವರ್ಣಿಸುತ್ತ, ಅರಸನಿಗೆ ವೀಳ್ಯ ಕೊಡುವ ಪರಿಚಾರಕನ ಕೈಕೆಳಗೆ 15,000 ಕಾಲಾಳುಗಳೂ 200 ಕುದುರೆಗಳೂ ಇದ್ದುವೆಂದು ಹೇಳಿ, ಆನೆಗಳು ಮಾತ್ರ ಇರಲಿಲ್ಲವೆಂದು ಸೇರಿಸುತ್ತಾನೆ.

ವಿವಾದ ಇನ್ನೂ ಜೀವಂತವಾಗಿರುವುದು ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ವಿಷಯದಲ್ಲಿ. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತದ ಈ ವಚನಕಾರನು ಬಸವಣ್ಣನಿಗೆ ತಾಂಬೂಲ ಕೊಡುವ ನಿಕಟವರ್ತಿಯಾಗಿದ್ದನೆಂಬುದು ಒಂದು ಪ್ರತೀತಿ. ಉತ್ತರ ಕರ್ನಾಟಕದ ಹಡಪದ ಸಮಾಜವು ಅವನನ್ನು ತನ್ನ ಕ್ಷೌರಕಾಯಕದ ಮೂಲಪುರುಷನೆಂದು ಪೂಜಿಸುತ್ತದೆ. ಒಂದೇ ಶಬ್ದವು ಎರಡು ಚೀಲಗಳನ್ನೂ ಹೇಳುವುದರಿಂದ, ಕೇವಲ ಹೆಸರಿನ ಬಲದಿಂದ ಒಂದು ಪಕ್ಷವನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಎರಡು ಕಾಯಕಗಳೂ ಒಬ್ಬನಲ್ಲಿಯೇ ಕೂಡಿರಲಾರವೆಂದು ಹೇಳಲು ಆಧಾರವೇನೂ ಇಲ್ಲ.

ಮೈಸೂರು ಸೀಮೆಯಲ್ಲಿ ವೀಳ್ಯದ ಚೀಲಕ್ಕೆ ‘ಸಂಚಿ’ಯೆಂಬ ಮಾತು ರೂಢಿಯಾಯಿತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಕವಯಿತ್ರಿ ಹೊನ್ನಮ್ಮನು ಪ್ರಸಿದ್ಧಳಾದುದು ಸಂಚಿಯ ಹೊನ್ನಮ್ಮನೆಂದೇ ಹೊರತು ಹಡಪದ ಹೊನ್ನಮ್ಮನೆಂದಲ್ಲ.