ಲಕೋಟರ ಮದ್ದಿನ ಹಾಡು

ಅಮೆರಿಕದ ದಕೋಟಾ ಬಯಲುಗಳ ಲಕೋಟ ಜನರಲ್ಲಿ ರೋಗ ಕಳೆಯುವ ಹಾಡನ್ನು ಯಾರೂ ಕಟ್ಟುವುದಿಲ್ಲ, ಅದು ದೊರೆಯುತ್ತದೆ. ಅನ್ನ ನೀರು ತೊರೆದು ಬೆಟ್ಟದಲ್ಲಿ ಕುಳಿತವನಿಗೆ ದರ್ಶನದಲ್ಲಿ ಕರಡಿಯೋ ಹದ್ದೋ ಕೊಟ್ಟದ್ದೆಂದು ಅವರ ನಂಬಿಕೆ. ಆದುದರಿಂದ ಹಾಡು ಪಡೆದವನ ಸ್ವತ್ತು. ಕಲಿಯಬಯಸುವವನಿಗೆ ರಾಗ ಬಂದರೆ ಸಾಲದು, ಅವನ ಒಪ್ಪಿಗೆಯೂ ಬೇಕು.

1883ರಲ್ಲಿ ಅಮೆರಿಕ ಸರ್ಕಾರ ಈ ವೈದ್ಯರ ಆಚರಣೆಗಳನ್ನು ಅಪರಾಧವೆಂದು ಸಾರಿ, ಕನಿಷ್ಠ 10 ದಿನಗಳ ಸೆರೆ ವಿಧಿಸಿತು. ಕಲಿಕೆ ಮರೆಗೆ ಸರಿಯಿತು. ಸೋಜಿಗವೆಂದರೆ, ಆ ನಿಷೇಧ ಜಾರಿಯಲ್ಲಿದ್ದಾಗಲೇ ಅದೇ ಸರ್ಕಾರದ ಜನಾಂಗ ಅಧ್ಯಯನ ಸಂಸ್ಥೆಗಾಗಿ ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬಾಕೆ 1911ರಿಂದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಮುದುಕರ ಹಾಡುಗಳನ್ನು ಮೇಣದ ಉರುಳೆಗಳಲ್ಲಿ ಹಿಡಿದಿಟ್ಟರು! 1918ರಲ್ಲಿ ಅಚ್ಚಾದ ಆಕೆಯ ಗ್ರಂಥದಲ್ಲಿ ಚಿಕಿತ್ಸೆಯ ಹಾಡುಗಳೂ ಸ್ವರಲಿಪಿ ಸಹಿತ ಇವೆ. ಹಾಡು ಬಾಯಲ್ಲಿದ್ದರೆ ಅಪರಾಧ, ಉರುಳೆಯಲ್ಲಿದ್ದರೆ ವಿದ್ವತ್ತು. ಆಕೆಯ ಶ್ರಮವನ್ನು ನಾನು ಹಳಿಯಲಾರೆ. ಆದರೆ ಗ್ರಂಥ ನೋಡಿ ಹಾಡುವವನಿಗೆ ಆ ಒಪ್ಪಿಗೆ ಎಲ್ಲಿಂದ ಬರಬೇಕು?

ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಬಂದದ್ದು 1978ರಲ್ಲಿ. ಅಷ್ಟೂ ಕಾಲ ‘ಯುವಿಪಿ’ ಎಂಬ ಚಿಕಿತ್ಸಾ ವಿಧಿ ಉಳಿದೇ ಇತ್ತು. ಅಲ್ಲಿ ವೈದ್ಯನನ್ನು ಕಂಬಳಿಯಲ್ಲಿ ಸುತ್ತಿ ಹಗ್ಗದಿಂದ ಬಿಗಿಯುತ್ತಾರೆ, ದೀಪ ಆರಿಸುತ್ತಾರೆ. ಗಾಯಕರು ಡೋಲು ಹಿಡಿದು ಹಾಡುತ್ತಾರೆ. ಹೊಸಬ ಆ ಕತ್ತಲಲ್ಲಿ ಕುಳಿತು, ಕೇಳಿ ಕೇಳಿ ದನಿಗೂಡಿಸುತ್ತಾನೆ.