ಅಪ್ಪನನ್ನು ಹೊತ್ತು ಬಂದವನು

ರೋಮ್ ಅಂದ್ರೆ ಎಲ್ಲೋ ದೂರದ್ದು ಅಂದ್ಕೊಂಡಿದ್ದೆ. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256. ನಾವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳೋ ಜಾಗಗಳಿವು!

ಈ ನಾಣ್ಯದ ಹೆಸರು ದಿನಾರಿಯಸ್. ತೂಕ ನಾಲ್ಕು ಗ್ರಾಂಗಿಂತ ಕಮ್ಮಿ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟಿಬೇರಿಯಸ್ ಕಾಲದವು. ಟಿಬೇರಿಯಸ್ ನಾಣ್ಯದ ಒಂದು ಬದಿ ಅವನ ಮುಖ, ಸುತ್ತಲೂ ‘ದೈವ ಆಗಸ್ಟಸ್‌ನ ಮಗ’ ಎಂಬ ಅರ್ಥದ ಬರಹ. ಇನ್ನೊಂದು ಬದಿ ರೆಂಬೆ ಹಿಡಿದು ಕೂತ ಹೆಂಗಸು. ಶಾಂತಿದೇವತೆ ಪಾಕ್ಸ್ ಅಂತ ಕೆಲವರು, ರಾಜನ ತಾಯಿ ಲಿವಿಯಾ ಅಂತ ಇನ್ನು ಕೆಲವರು. ತಾಯಿಯೋ ದೇವಿಯೋ ಗೊತ್ತಾಗದ ಹಾಗಿರೋದು ರಾಜನಿಗೆ ಲಾಭವೇ.

ಈ ಆಟವನ್ನು ಅವರಿಗಿಂತ ಮೊದಲೇ ಚೆನ್ನಾಗಿ ಆಡಿದವನು ಜೂಲಿಯಸ್ ಸೀಸರ್. ಕ್ರಿ.ಪೂ. 47-46ರ ಸುಮಾರಿಗೆ ಅವನು ಹೊರಡಿಸಿದ ದಿನಾರಿಯಸ್‌ನಲ್ಲಿ ಒಂದು ಕಡೆ ವೀನಸ್ ದೇವಿ, ಇನ್ನೊಂದು ಕಡೆ ಅವಳ ಮಗ ಈನಿಯಸ್. ಟ್ರಾಯ್ ನಗರ ಉರಿಯುತ್ತಿದೆ. ಮುದಿ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಊರ ದೇವರ ವಿಗ್ರಹ ಹಿಡಿದು ಅವನು ಹೊರಟಿದ್ದಾನೆ. ನೋಡಿದ ಕೂಡಲೇ ನಮಗೆ ಶ್ರವಣಕುಮಾರ ನೆನಪಾಗ್ತಾನೆ. ಕಥೆಯಲ್ಲಿ ಪುಟ್ಟ ಮಗನೂ ಇದ್ದಾನೆ, ಓಡುವಾಗ ತಪ್ಪಿಹೋದ ಹೆಂಡತಿಯೂ ಇದ್ದಾಳೆ. ನಾಣ್ಯದಲ್ಲಿ ಅವರಿಬ್ಬರಿಗೂ ಜಾಗ ಇಲ್ಲ. ಪಕ್ಕದಲ್ಲಿ ಇರೋದು ಒಂದೇ ಪದ: ಸೀಸರ್. ‘ನಾನು ಇವನ ವಂಶದವನು, ಹಾಗಾಗಿ ದೇವಿಯ ವಂಶದವನು’ ಅಂತ ಇಡೀ ಸಾಮ್ರಾಜ್ಯಕ್ಕೆ ಕಳಿಸಿದ ಮೆಸೇಜ್ ಅದು.

ಆ ಚಿತ್ರ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ಸಿಂಧನೂರು ಕಡೆಯ ಆರ್.ಎಚ್. ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗ. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್. ಅವರೂ ವಯಸ್ಸಾದವರನ್ನು ಕರ್ಕೊಂಡು, ತಮ್ಮ ದುರ್ಗೆಯನ್ನು ಜೊತೆಗಿಟ್ಟುಕೊಂಡು ಬಂದವರೇ. ಪೌರತ್ವದ ಕಾಗದಕ್ಕಾಗಿ ಎಷ್ಟೋ ಜನ ದಶಕಗಟ್ಟಲೆ ಕಾದರು. ಹುಡುಗರಾಗಿದ್ದಾಗ ನಾವು ಅವರನ್ನು ಹೆಸರು ಹಿಡಿದು ಕರೆದದ್ದು ಕಮ್ಮಿ. ‘ಕ್ಯಾಂಪಿನವರು’, ಅಷ್ಟೇ. ನಾನೂ ಹಾಗೇ ಅಂದಿದ್ದೇನೆ.

ಜಗತ್ತನ್ನೇ ಆಳಿದ ರೋಮ್, ತನ್ನ ಮೂಲಪುರುಷ ಒಬ್ಬ ನಿರಾಶ್ರಿತ ಅಂತ ಬೆಳ್ಳಿಯಲ್ಲಿ ಅಚ್ಚೊತ್ತಿ ಹಂಚಿತು. ಈ ಸಲ ದಸರಾಕ್ಕೆ ಊರಿಗೆ ಹೋದಾಗ ಕ್ಯಾಂಪಿನ ದುರ್ಗಾಪೂಜೆಗೆ ಹೋಗಬೇಕು. ಅಲ್ಲಿನ ಹಿರಿಯರು ಬರುವಾಗ ಏನೇನು ಹೊತ್ತು ತಂದರು ಅಂತ ಕೇಳಬೇಕು. ದಾರಿಯಲ್ಲಿ ಯಾರು ತಪ್ಪಿಹೋದರು ಅಂತಲೂ.